ಜವಳಿ ಸಾಲಿನ ಹಳೇ ಕಟ್ಟಡ ಕೆಡವೋದು ಬೇಡ, ರಿಪೇರಿ ಮಾಡೋಣ

ಹೋದ ತಿಂಗಳು ಒಂದು ಮಧ್ಯಾಹ್ನ ಕಾಕಾ ಫೋನ್ ಮಾಡಿದರು. ಅಂಗಡಿ ಹೊತ್ತಿನಲ್ಲಿ ಅವರು ಫೋನ್ ಮಾಡುವವರಲ್ಲ. "ಟೇಪ್ ಹಿಡ್ಕೊಂಡು ಇಬ್ಬರು ಬಂದಾರವಾ, ಅಳತಿ ತಗೊಳಾಕತ್ತಾರ" ಅಂದರು. ಅಷ್ಟೇ. ಮುಂದೆ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಪೇಟೆಯ ಹಳೇ ಕಟ್ಟಡಕ್ಕೆ ಟೇಪ್ ಹಿಡಿದುಕೊಂಡು ಯಾರಾದರೂ ಬಂದರು ಅಂದರೆ ಅದರ ಅರ್ಥ ಏನು ಅಂತ ಇಲ್ಲಿ ಅಂಗಡಿ ಇಟ್ಟವರ ಮನೆಯ ಮಕ್ಕಳಿಗೆಲ್ಲ ಗೊತ್ತಿರುತ್ತದೆ.

ನಮ್ಮದು ಹುಬ್ಬಳ್ಳಿಯ ಜವಳಿ ಸಾಲಿನಲ್ಲಿ ಬಟ್ಟೆ ಅಂಗಡಿ. ಸ್ವಂತದ್ದಲ್ಲ, ಬಾಡಿಗೆಯದು. ಅಜ್ಜ ಅದನ್ನು ಹಿಡಿದಾಗ ನಮ್ಮ ಅಪ್ಪ ಇನ್ನೂ ಹುಟ್ಟಿರಲಿಲ್ಲ. ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಧೋತರ, ಟವೆಲ್ಲು, ಮದುವೆ ಸೀಸನ್ನಿನಲ್ಲಿ ರುಮಾಲು. ಅಜ್ಜನ ನಂತರ ಕಾಕಾ ನೋಡಿಕೊಳ್ಳುತ್ತಿದ್ದಾರೆ. ಆ ಕಟ್ಟಡದಲ್ಲಿ ನಮ್ಮದೂ ಸೇರಿ ಕೆಳಗೆ ಐದು ಅಂಗಡಿಗಳಿವೆ. ಮಾಲೀಕರ ಮನೆಯವರು ಮೊದಲು ಮೇಲಿನ ಮಾಳಿಗೆಯಲ್ಲೇ ಇದ್ದರು. ಈಗ ಬೇರೆ ಕಡೆ ಮನೆ ಕಟ್ಟಿಕೊಂಡು ಹೋಗಿದ್ದಾರೆ. ಇದನ್ನು ಕೆಡವಿ, ನೆಲದಡಿ ಪಾರ್ಕಿಂಗ್ ಇಟ್ಟು, ಮೇಲೆ ನಾಲ್ಕು ಅಂತಸ್ತಿನ ಕಾಂಪ್ಲೆಕ್ಸ್ ಎಬ್ಬಿಸಬೇಕು ಅನ್ನುವ ಮಾತು ನಡೆದಿದೆ.

ಇದನ್ನು ಒಬ್ಬ ಗೆಳತಿಗೆ ಹೇಳಿದೆ. "ಅದೇನು ಹಂಪಿ ಅಲ್ಲವಲ್ಲ, ಒಂದು ಹಳೇ ಅಂಗಡಿ ಕಟ್ಟಡ ಅಷ್ಟೇ ಅಲ್ವಾ?" ಅಂದಳು. ಅವಳದೇನೂ ತಪ್ಪಿಲ್ಲ, ಬಹಳ ಜನ ಹಾಗೇ ಅಂದುಕೊಂಡಿರುತ್ತಾರೆ. ಅವಳಿಗೆ ಅವತ್ತು ಸರಿಯಾದ ಉತ್ತರ ಕೊಡಲು ನನಗೆ ಆಗಲಿಲ್ಲ. ಈಗ ಕೂತು ಬರೆಯುತ್ತಿದ್ದೇನೆ.

ಮೊದಲು ಕಟ್ಟೆಯ ವಿಷಯ. ನಮ್ಮ ಅಂಗಡಿಯ ಕಟ್ಟೆ ರಸ್ತೆಯಿಂದ ಸುಮಾರು ತೊಡೆಯೆತ್ತರ ಇದೆ. ಚಿಕ್ಕವಳಿದ್ದಾಗ ಇಷ್ಟು ಎತ್ತರ ಯಾಕೆ ಅಂತ ಅನ್ನಿಸುತ್ತಿತ್ತು, ಹತ್ತಲು ಆಗುತ್ತಿರಲಿಲ್ಲ. ಮಳೆಗಾಲದಲ್ಲಿ ರಸ್ತೆಯ ನೀರು ಒಳಗೆ ಬರಬಾರದು ಅನ್ನುವುದು ಒಂದು ಕಾರಣ. ಇನ್ನೊಂದು ಕಾರಣ ತಿಳಿದದ್ದು ಅಲ್ಲಿ ಕೂತ ಮೇಲೆ. ಒಳಗೆ ಗಾದಿಯ ಮೇಲೆ ಕಾಕಾ ಕೂತಾಗ ಮತ್ತು ಹೊರಗೆ ರಸ್ತೆಯಲ್ಲಿ ಗಿರಾಕಿ ನಿಂತಾಗ ಇಬ್ಬರ ಕಣ್ಣೂ ಒಂದೇ ಮಟ್ಟದಲ್ಲಿ ಇರುತ್ತವೆ. ಯಾರೂ ಯಾರನ್ನೂ ಮೇಲಿನಿಂದ ನೋಡುವುದಿಲ್ಲ. ನವಲಗುಂದದ ಕಡೆಯಿಂದಲೋ ಕಲಘಟಗಿಯಿಂದಲೋ ಬಸ್ಸಿಗೆ ಬಂದ ಹೆಣ್ಣುಮಕ್ಕಳು ಚೀಲ ಇಳಿಸಿ, ಕಾಲು ಹೊರಗೆ ಇಳಿಬಿಟ್ಟುಕೊಂಡು, ಚಪ್ಪಲಿ ಕೂಡ ಬಿಡದೆ ಕಟ್ಟೆಯ ತುದಿಗೆ ಕೂರುತ್ತಾರೆ, ನೀರು ಕುಡಿಯುತ್ತಾರೆ, ಏನೂ ಕೊಳ್ಳದಿದ್ದರೂ ಸ್ವಲ್ಪ ಹೊತ್ತು ಕೂತು ಎದ್ದು ಹೋಗುತ್ತಾರೆ. ಗಾಜಿನ ಬಾಗಿಲಿನ ಅಂಗಡಿಗೆ ಹಾಗೆ ಹೋಗಿ ಕೂರಲು ಅವರಿಗೆ ಮನಸ್ಸು ಬರುವುದಿಲ್ಲ.

ಆಮೇಲೆ ಬೆಳಕಿಂಡಿ. ಪೇಟೆಯ ಹಳೇ ಕಟ್ಟಡಗಳು ಮುಂದೆ ಕಿರಿದು, ಹಿಂದಕ್ಕೆ ಉದ್ದ. ರಸ್ತೆ ಕಡೆ ಒಂದು ಬಾಗಿಲಾದರೂ ಇರಬೇಕು ಅಂತ ಪ್ರತಿಯೊಬ್ಬ ವ್ಯಾಪಾರಿಗೂ ಆಸೆ. ಹಾಗಾಗಿ ರಸ್ತೆಬದಿಯ ಜಾಗವನ್ನು ಸಣ್ಣ ಸಣ್ಣದಾಗಿ ಹಂಚಿಕೊಂಡು, ಬೇಕಾದ ಜಾಗವನ್ನೆಲ್ಲ ಹಿಂದಕ್ಕೆ ಬೆಳೆಸಿಕೊಂಡರು. ಮುಂದೆ ಅಂಗಡಿ, ನಡುವೆ ಗಾದಿ, ಹಿಂದೆ ಗೋದಾಮು, ಮೇಲೆ ಮನೆ. ಎರಡೂ ಪಕ್ಕದಲ್ಲಿ ಬೇರೆಯವರ ಗೋಡೆ ಇರುವುದರಿಂದ ಕಿಟಕಿಗೆ ಜಾಗವಿಲ್ಲ. ಬೆಳಕು ಬರುವುದು ನೆತ್ತಿಯಿಂದಲೇ. ನಮ್ಮ ಅಂಗಡಿಯ ನಟ್ಟನಡುವೆ ಮಾಳಿಗೆಯನ್ನು ತೂರಿಕೊಂಡು ಒಂದು ಬೆಳಕಿಂಡಿ ಇದೆ. ಅದರ ಕೆಳಗೆ ನಾಲ್ಕು ಮೊಳದಷ್ಟು ಜಾಗದಲ್ಲಿ ಹಗಲೆಲ್ಲ ತಣ್ಣನೆಯ ಬಿಳಿ ಬೆಳಕು ಇರುತ್ತದೆ. ಖಣದ ಬಣ್ಣ ನೋಡುವುದು ಅಲ್ಲಿಯೇ. ಖಣದಲ್ಲಿ ಹಾಸಿನ ನೂಲು ಒಂದು ಬಣ್ಣ, ಹೊಕ್ಕಿನ ನೂಲು ಇನ್ನೊಂದು ಬಣ್ಣ ಇರುತ್ತದೆ, ಬಟ್ಟೆ ತಿರುಗಿಸಿದ ಹಾಗೆ ಬಣ್ಣವೂ ತಿರುಗುತ್ತದೆ. ಟ್ಯೂಬ್‌ಲೈಟಿನ ಕೆಳಗೆ ಅದು ಗೊತ್ತೇ ಆಗುವುದಿಲ್ಲ. "ಬೆಳಕಿಗೆ ಬರ್ರಿ ಅಕ್ಕಾರ, ಇಲ್ಲೆ ಹಿಡದು ನೋಡ್ರಿ" ಅಂತ ಅಜ್ಜ ಕರೆಯುತ್ತಿದ್ದರು, ಈಗ ಕಾಕಾ ಕರೆಯುತ್ತಾರೆ. ಆ ನಾಲ್ಕು ಮೊಳ ಜಾಗದಲ್ಲಿ ಎಷ್ಟು ಮದುವೆಗಳ ಜವಳಿ ಆರಿಸಿರಬಹುದು ಅಂತ ಲೆಕ್ಕ ಹಾಕಲು ಆಗುವುದಿಲ್ಲ.

ಬಾಗಿಲಿನ ವಿಷಯವನ್ನೂ ಹೇಳಿಬಿಡುತ್ತೇನೆ. ನಮ್ಮದು ಶಟರ್ ಅಲ್ಲ, ಹಲಗೆ ಬಾಗಿಲು. ಒಟ್ಟು ಹನ್ನೊಂದು ಸಾಗವಾನಿ ಹಲಗೆಗಳು. ಮೇಲೆ ಕೆಳಗೆ ಇರುವ ಜಾಡಿನಲ್ಲಿ ಒಂದೊಂದಾಗಿ ಸರಿಸಿ ಕೂರಿಸಬೇಕು, ಕೊನೆಯ ಹಲಗೆಗೆ ಕೀಲಿ. ಪ್ರತಿ ಹಲಗೆಯ ಒಳಮೈಯಲ್ಲಿ ಉಳಿಯಿಂದ ಕೆತ್ತಿದ ಕನ್ನಡ ಅಂಕಿ ಇದೆ, ೧ರಿಂದ ೧೧ರವರೆಗೆ. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಕನ್ನಡ ಅಂಕಿಗಳನ್ನು ನಾನು ಕಲಿತದ್ದು ಶಾಲೆಯಲ್ಲಲ್ಲ, ರಾತ್ರಿ ಅಂಗಡಿ ಮುಚ್ಚುವಾಗ ಅಜ್ಜನಿಗೆ "ಮುಂದಿನದು ಆರು, ಅದರ ಮುಂದ ಏಳು" ಅಂತ ಹೇಳುತ್ತಾ. ಏಳನೇ ಹಲಗೆ ಮಳೆಗಾಲದಲ್ಲಿ ಉಬ್ಬುತ್ತದೆ, ಅಂಗೈಯಿಂದ ಎರಡು ಸಲ ಗುದ್ದಬೇಕು. ಇವತ್ತಿಗೂ.

ಇದೆಲ್ಲ ನಮ್ಮ ಮನೆಯ ನೆನಪು, ಸರಿ. ಊರಿಗೆ ಇದರಿಂದ ಏನು ಅಂತ ಕೇಳಬಹುದು. ಅದಕ್ಕೆ ನಮ್ಮ ಅಟ್ಟದ ಕೆಳಗಿರುವ ಕಬ್ಬಿಣದ ತೊಲೆಯನ್ನು ನೋಡಬೇಕು. ಬಣ್ಣದ ಪದರು ಕೆರೆದರೆ ಅದರ ಮೈಮೇಲೆ ಉಬ್ಬಿದ ಅಕ್ಷರಗಳಲ್ಲಿ ಡಾರ್ಮನ್ ಲಾಂಗ್ ಅಂತ ಇಂಗ್ಲಿಷಿನಲ್ಲಿದೆ. ಇಂಗ್ಲೆಂಡಿನ ಮಿಡಲ್ಸ್‌ಬರೋದ ಉಕ್ಕಿನ ಕಂಪನಿ ಅದು. ಆಸ್ಟ್ರೇಲಿಯಾದಲ್ಲಿ 1932ರಲ್ಲಿ ತೆರೆದ ಸಿಡ್ನಿ ಹಾರ್ಬರ್ ಸೇತುವೆಯನ್ನು ಕಟ್ಟಿದವರೂ ಅವರೇ. ಅಲ್ಲಿಂದ ಹಡಗಿನಲ್ಲಿ, ರೈಲಿನಲ್ಲಿ ಬಂದ ಆ ತೊಲೆಯನ್ನು ನಮ್ಮ ಊರಿನ ಗವಂಡಿಗಳು ಹೆಗಲು ಕೊಟ್ಟು ಏರಿಸಿ ಕೂರಿಸಿದ್ದಾರೆ. ಅದೇ ಅಂಗಡಿಯ ಉಳಿದ ತೊಲೆಗಳು, ಜಂತಿಗಳು ಸಾಗವಾನಿ. ಕೆಳಗೆ ಶಹಾಬಾದ್ ಫರಸಿ. ಮೇಲೆ ಹಿಂಭಾಗಕ್ಕೆ ಮಂಗಳೂರು ಹಂಚು. ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಅದೇ ಮಿಶನ್ನಿನವರು ಹುಬ್ಬಳ್ಳಿಗೆ ಬಂದದ್ದು ಅದಕ್ಕೂ ಮೊದಲು, 1839ರಲ್ಲಿ. ಒಂದೇ ಸೂರಿನಡಿ ಇಷ್ಟು ಊರುಗಳ ಸಾಮಾನು ಹೇಗೆ ಬಂದು ಸೇರಿತು? ಹತ್ತಿಯಿಂದ, ರೈಲಿನಿಂದ.

ನಮ್ಮ ಎರೆ ಭೂಮಿಯ ಹತ್ತಿ ಮೊದಲು ಎತ್ತಿನ ಗಾಡಿಗಳ ಸಾಲಿನಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಹತ್ತಿ ಬೆಳೆದವರು ಇಲ್ಲಿಯವರು, ಆದರೆ ಹಡಗು ಹತ್ತಿದ ಊರಿನ ಹೆಸರೇ ಹತ್ತಿಗೂ ಬಿದ್ದು, ಹೊರಗಿನ ಮಾರುಕಟ್ಟೆಯಲ್ಲಿ ಅದು ಕುಮಟಾ ಹತ್ತಿ ಅಂತಲೇ ಹೆಸರಾಯಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಒಳಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಾಗ ಧಾರವಾಡ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂತು. ಮುಂದೆ 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಬಂತು. ಗದಗಿಗೂ ಹುಬ್ಬಳ್ಳಿಗೂ ರೈಲು ಬಂದ ಮೇಲೆ ಪೇಟೆಯ ರೂಪವೇ ಬದಲಾಯಿತು. ಅಡತಿ ಅಂಗಡಿಗಳು, ಗೋದಾಮುಗಳು, ದಲಾಲರು, ಹಮಾಲರು, ಕೀರ್ದಿ ಬರೆಯುವ ದಿವಾಣಜಿಗಳು. ಆ ದುಡ್ಡು, ಆ ರೈಲು ಎರಡೂ ಸೇರಿ ಕಟ್ಟಿದ್ದು ಈ ಕಟ್ಟಡಗಳನ್ನು. ಈಗ ಹುಬ್ಬಳ್ಳಿ ಅಂದರೆ ಎಲ್ಲರೂ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಬಗ್ಗೆ ಹೆಮ್ಮೆಯಿಂದ ಹೇಳುತ್ತಾರೆ. ನನಗೂ ಹೆಮ್ಮೆಯೇ. ಆದರೆ ಆ ಸ್ಟೇಶನ್ನಿಗೆ ಇಳಿದ ಮಾಲು ಎಲ್ಲಿಗೆ ಹೋಗುತ್ತಿತ್ತೋ ಆ ಪೇಟೆಯನ್ನು ಸುಮ್ನೆ ಅಳಿಸಿ ಹಾಕಿದರೆ ಅರ್ಧ ಕತೆ ಹೋದ ಹಾಗೆ.

ಇದು ಹೊಸ ಪೇಟೆಯೂ ಅಲ್ಲ. 1673ರಲ್ಲಿ ಶಿವಾಜಿಯ ಸೈನ್ಯ ಹುಬ್ಬಳ್ಳಿಯನ್ನು ಲೂಟಿ ಮಾಡಿದಾಗ ಇಂಗ್ಲಿಷರ ವ್ಯಾಪಾರದ ಕೋಠಿಯ ಮಾಲೂ ಹೋಯಿತು. ಅಂದರೆ ಆಗಲೇ ಇಲ್ಲಿ ಲೂಟಿ ಮಾಡುವಷ್ಟು ವ್ಯಾಪಾರ ಇತ್ತು. 18ನೇ ಶತಮಾನದಲ್ಲಿ ಬಸಪ್ಪ ಶೆಟ್ಟರು ಅನ್ನುವ ವ್ಯಾಪಾರಿ ಹೊಸ ಹುಬ್ಬಳ್ಳಿಯನ್ನು ದುರ್ಗದಬೈಲಿನ ಸುತ್ತ ಕಟ್ಟಿಸಿದರು. ರಾಜ ಕಟ್ಟಿದ ಊರುಗಳು ಬಹಳ ಇವೆ. ಇದು ವ್ಯಾಪಾರಿ ಕಟ್ಟಿದ ಪೇಟೆ. ಜವಳಿ ಸಾಲು, ಕಂಚಗಾರ ಗಲ್ಲಿ, ಭೂಸಪೇಟೆ, ಹೆಸರು ಕೇಳಿದರೇ ಯಾವ ರಸ್ತೆಯಲ್ಲಿ ಏನು ಸಿಗುತ್ತಿತ್ತು ಅಂತ ತಿಳಿಯುತ್ತದೆ. ಇಂಥ ಊರಿನಲ್ಲಿ ಅಂಗಡಿಯನ್ನೇ ಪರಂಪರೆ ಅನ್ನದಿದ್ದರೆ ಇನ್ನು ಯಾವುದನ್ನು ಅನ್ನಬೇಕು?

ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಗೆ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆ ಇದೆ. ಅಂಥ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವ ಹಾಗಿಲ್ಲ. ಅದು ಇರಲೇಬೇಕು, ಆ ಗುಡಿ ಚಾಲುಕ್ಯರ ಕಾಲದ್ದು. ಆದರೆ ಪೇಟೆಯ ಕಟ್ಟಡಕ್ಕೆ ಅಂಥ ನೆರಳು ಯಾವುದೂ ಇಲ್ಲ. ನೂರು ವರ್ಷ ದಾಟಿದ್ದರೂ ಕೆಡವಲು ಮಾಲೀಕರ ಒಂದು ಅರ್ಜಿ ಸಾಕು. ಮುಂಬಯಿಯಲ್ಲಿ 1995ರಲ್ಲೇ ಊರೊಳಗಿನ ಪರಂಪರೆಯ ಕಟ್ಟಡಗಳ ಪಟ್ಟಿ ಮಾಡಿ, ಅವನ್ನು ಮೂರು ದರ್ಜೆಗಳಲ್ಲಿ ಇಟ್ಟು, ಯಾವುದರಲ್ಲಿ ಎಷ್ಟು ಬದಲಾವಣೆ ಮಾಡಬಹುದು ಅಂತ ನಿಯಮ ತಂದರು. ಎಲ್ಲವನ್ನೂ ಮುಟ್ಟಬೇಡಿ ಅಂತ ಅವರು ಹೇಳಲಿಲ್ಲ. ಮೂರನೇ ದರ್ಜೆಯವರಿಗೆ ಬಹಳಷ್ಟು ಸಡಿಲಿಕೆ ಇದೆ. ನಮಗೂ ಅಷ್ಟಾದರೂ ಬೇಕು. ಮೊದಲು ಒಂದು ಪಟ್ಟಿ.

ಮಾಲೀಕರನ್ನು ಬೈಯುವುದು ಸುಲಭ. ನಾನು ಬೈಯುವುದಿಲ್ಲ. ನಾವು ಕೊಡುವ ಬಾಡಿಗೆ ಎಷ್ಟು ಅಂತ ಕಾಕಾ ಹೇಳಿದಾಗ ನನಗೆ ನಿಜಕ್ಕೂ ನಾಚಿಕೆಯಾಯಿತು. ಮನೆಮಂದಿ ಎಲ್ಲ ಒಂದು ಸಂಜೆ ಹೊರಗೆ ಊಟಕ್ಕೆ ಹೋದರೆ ಅದಕ್ಕಿಂತ ಜಾಸ್ತಿ ಬಿಲ್ ಆಗುತ್ತದೆ. ಆ ದುಡ್ಡಿನಲ್ಲಿ ಒಂದು ಹಂಚು ಬದಲಿಸಿ ಅಂತ ಅವರನ್ನು ಯಾವ ಬಾಯಿಂದ ಕೇಳುವುದು? ಅವರು ರಿಪೇರಿ ಮಾಡಲಿಲ್ಲ, ಬಾಡಿಗೆಯವರು ನಮ್ಮದಲ್ಲ ಅಂತ ಕೈಕಟ್ಟಿ ಕೂತೆವು, ಕಟ್ಟಡ ನಡುವೆ ಸಿಕ್ಕಿಕೊಂಡಿತು. ನಮ್ಮ ಪೇಟೆಯ ಎಷ್ಟೋ ಕಟ್ಟಡಗಳ ಹಣೆಬರಹ ಇಷ್ಟೇ.

ರಿಪೇರಿ ಮಾಡಿದಾಗಲೂ ತಪ್ಪು ಮಾಡಿದ್ದೇವೆ. ಕೆಲವು ವರ್ಷಗಳ ಹಿಂದೆ ಗೋದಾಮಿನ ಗೋಡೆಯ ಹಳೇ ಗಚ್ಚು ಉದುರುತ್ತಿದೆ ಅಂತ ಅದನ್ನೆಲ್ಲ ಕೆತ್ತಿಸಿ ಸಿಮೆಂಟಿನ ಪ್ಲಾಸ್ಟರ್ ಹಾಕಿಸಿದೆವು. ಮೊದಲ ವರ್ಷ ಚೆಂದ ಕಂಡಿತು. ಎರಡನೇ ಮಳೆಗಾಲಕ್ಕೆ ಗೋಡೆ ಒಳಗಿಂದ ಬೆವರತೊಡಗಿತು, ಬಿಳಿ ಸವಳು ಎದ್ದಿತು, ಗೋಡೆಗೆ ತಾಗಿಸಿ ಇಟ್ಟ ಧೋತರದ ಗಂಟುಗಳಿಗೆ ಬೂಸ್ಟು ಹಿಡಿಯಿತು. ಎಷ್ಟು ಮಾಲು ಹಾಳಾಯಿತು ಅಂತ ಕಾಕಾ ಇವತ್ತಿಗೂ ಬಾಯಿ ಬಿಟ್ಟು ಹೇಳಿಲ್ಲ. ಕೊನೆಗೆ ಒಬ್ಬ ವಯಸ್ಸಾದ ಗವಂಡಿಯನ್ನು ಕರೆಸಿದರು. ಆತ ಗೋಡೆಗೆ ಅಂಗೈ ಇಟ್ಟು ನೋಡಿ, "ಸಾವ್ಕಾರ್ರ, ಇದರ ಮೂಗು ಮುಚ್ಚೀರಿ" ಅಂದ.

ಆತ ಹೇಳಿದ್ದು ಇಷ್ಟು. ಸುಣ್ಣದ ಗಾರೆ ಮೆತ್ತಗಿನದು, ಅದರಲ್ಲಿ ಸಣ್ಣ ಸಣ್ಣ ರಂಧ್ರಗಳಿರುತ್ತವೆ. ಗೋಡೆ ನೆಲದಿಂದ ಹೀರಿದ ತೇವ ಆ ರಂಧ್ರಗಳ ಮೂಲಕ ಗಾಳಿಗೆ ಹೋಗುತ್ತದೆ. ಸಿಮೆಂಟು ಗಟ್ಟಿ, ಬಿಗಿ. ತೇವ ಹೊರಗೆ ಹೋಗಲಾರದೆ ಇಟ್ಟಂಗಿಯಲ್ಲೇ ನಿಲ್ಲುತ್ತದೆ, ಅದರ ಜೊತೆ ಬಂದ ಉಪ್ಪು ಅಲ್ಲೇ ಹರಳುಗಟ್ಟಿ ಇಟ್ಟಂಗಿಯನ್ನು ಪದರು ಪದರಾಗಿ ಒಡೆಯುತ್ತದೆ. ಗೋಡೆಯೊಳಗೆ ಕೂತಿರುವ ತೊಲೆಯ ತುದಿಯೂ ಅದೇ ತೇವಕ್ಕೆ ಕೊಳೆಯುತ್ತದೆ. ನೋಡುವವರು ಕಟ್ಟಡ ಹಳತಾಗಿ ಬಿತ್ತು ಅನ್ನುತ್ತಾರೆ. ಬಹಳ ಸಲ ಅದನ್ನು ಬೀಳಿಸಿದ್ದು ನಾವು ಹಾಕಿದ ಸಿಮೆಂಟು.

ಸುಣ್ಣದ ಕೆಲಸಕ್ಕೆ ತಾಳ್ಮೆ ಬೇಕು. ಸುಣ್ಣದ ಕಲ್ಲನ್ನು ನೀರಿನಲ್ಲಿ ಅರಳಿಸಿ ದಿನಗಟ್ಟಲೆ ಬಿಡಬೇಕು. ಉಸುಕು, ಇಟ್ಟಂಗಿ ಪುಡಿ ಬೆರೆಸಿ ಅರೆಯಬೇಕು. ಮೊದಲಿನವರು ಎತ್ತು ಕಟ್ಟಿದ ಗಾಣದಲ್ಲಿ ಅರೆಯುತ್ತಿದ್ದರು, ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕುತ್ತಿದ್ದರು. ಹಚ್ಚಿದ ಮೇಲೆ ಅದು ಗಾಳಿಯೊಳಗಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ. ತೊಲೆಯ ತುದಿ ಕೊಳೆತಿದ್ದರೆ ಪೂರ್ತಿ ತೊಲೆ ತೆಗೆಯಬೇಕಾಗಿಲ್ಲ. ಕೆಟ್ಟ ತುದಿಯನ್ನಷ್ಟೇ ಕೊಯ್ದು, ಹೊಸ ಕಟ್ಟಿಗೆ ಜೋಡಿಸಿ, ಎರಡೂ ಕಡೆ ಉಕ್ಕಿನ ಪಟ್ಟಿ ಬಿಗಿದರೆ ನಿಲ್ಲುತ್ತದೆ. ನಮ್ಮ ಮಾಳಿಗೆಯ ಗೋಡೆಯಲ್ಲಿ ಒಂದು ಅರಳಿ ಗಿಡ ಇತ್ತು. ಪ್ರತಿ ವರ್ಷ ಕಾಕಾ ಅದನ್ನು ಕುಡುಗೋಲಿನಿಂದ ಕೊಯ್ಯುತ್ತಿದ್ದರು, ಪ್ರತಿ ವರ್ಷ ಅದು ಮೊದಲಿಗಿಂತ ದಪ್ಪವಾಗಿ ಚಿಗುರುತ್ತಿತ್ತು. ಮೇಲೆ ಕೊಯ್ದಷ್ಟೂ ಒಳಗೆ ಬೇರು ಬಲಿಯುತ್ತದೆ. ಸಂದು ಬಿಡಿಸಿ ಬೇರಿನ ತನಕ ಹೋಗಿ ಕಿತ್ತು, ಆ ತೂತನ್ನು ಗಾರೆಯಿಂದ ತುಂಬಬೇಕಿತ್ತು. ಇದು ಯಾವ ದೊಡ್ಡ ವಿದ್ಯೆಯೂ ಅಲ್ಲ, ಆದರೆ ಗೊತ್ತಿರುವವರ ಸಂಖ್ಯೆ ನಮ್ಮ ಕಣ್ಣೆದುರೇ ಕಡಿಮೆಯಾಗುತ್ತಿದೆ. ಕೆಲಸ ಕೊಡುವವರಿಲ್ಲದೆ ಕೆಲಸ ಬಲ್ಲವರು ಹೇಗೆ ಉಳಿಯುತ್ತಾರೆ?

ಸುಮ್ಮನೆ ಕೂತರೆ ಏನಾಗುತ್ತದೆ ಅಂತ ಮೈಸೂರಿನಲ್ಲಿ ನೋಡಿದ್ದೇವೆ. ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟಿನಲ್ಲಿ ಕುಸಿದು ನಾಲ್ಕು ಜನ ಸತ್ತರು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರದ ಬಾಗಿಲಿನ ಕಡೆಯ ಭಾಗ ಬಿತ್ತು. ಆಮೇಲೆ ಕೆಡವಿ ಹಾಗೇ ಮತ್ತೆ ಕಟ್ಟಬೇಕೋ, ಇದ್ದದ್ದನ್ನೇ ರಿಪೇರಿ ಮಾಡಬೇಕೋ ಅಂತ ತಜ್ಞರಲ್ಲೇ ಎರಡು ಮಾತು, ಕೋರ್ಟು, ವರ್ಷಗಟ್ಟಲೆ ಎಳೆದಾಟ. ಎರಡೂ ಬಿದ್ದದ್ದು ಮಳೆಗಾಲದಲ್ಲಿ ಅನ್ನುವುದನ್ನು ಗಮನಿಸಿ. ಅಪಾಯ ಇದೆ ಅನ್ನುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ನಮ್ಮ ಕಾಕಾ ದಿನಕ್ಕೆ ಹನ್ನೊಂದು ತಾಸು ಆ ಸೂರಿನ ಕೆಳಗೆ ಕೂರುತ್ತಾರೆ. ಅದಕ್ಕೇ ರಿಪೇರಿ ಈಗಲೇ ಆಗಬೇಕು ಅನ್ನುವುದು.

ದುಡ್ಡು ಎಲ್ಲಿಂದ? ಅಹಮದಾಬಾದ್ 2017ರಲ್ಲಿ ವಿಶ್ವ ಪರಂಪರೆಯ ನಗರ ಆಯಿತು. ಅಲ್ಲಿ ಹಳೇ ಊರಿನ ಮನೆ ಉಳಿಸಿಕೊಂಡವರಿಗೆ, ಅದರ ಮೇಲೆ ಕಟ್ಟದೇ ಬಿಟ್ಟ ಅಂತಸ್ತುಗಳ ಹಕ್ಕನ್ನು ಊರಿನ ಬೇರೆ ಕಡೆ ಕಟ್ಟುವವರಿಗೆ ಮಾರಲು ಅವಕಾಶ ಇದೆ. ಟಿಡಿಆರ್ ಅನ್ನುತ್ತಾರಲ್ಲ, ಅದೇ. ನಮ್ಮಲ್ಲಿ ರಸ್ತೆ ಅಗಲ ಮಾಡುವಾಗ ಕೇಳಿಬರುವ ಪದ ಅದು, ಕಟ್ಟಡ ಉಳಿಸಲೂ ಬಳಸಬಹುದು. ಹೀಗಾದರೆ ಮಾಲೀಕರಿಗೆ ನಷ್ಟವಾಗುವುದಿಲ್ಲ. ಇನ್ನು ಬಾಡಿಗೆಯವರು ಬಾಡಿಗೆ ಏರಿಸಲು ಒಪ್ಪಬೇಕು. ಇದನ್ನು ನಾನು ಕಾಕಾನ ಮುಂದೆಯೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಖರೇ ಐತಿ" ಅಂದರು.

ಕಾಂಪ್ಲೆಕ್ಸ್ ಆದರೆ ನಮಗೂ ಒಂದು ಮಳಿಗೆ ಕೊಡುತ್ತಾರಂತೆ. ನನಗೆ ಅದರಲ್ಲಿ ನಂಬಿಕೆ ಇಲ್ಲ ಅಂತಲ್ಲ. ಆದರೆ ಕಟ್ಟುವ ಎರಡು ಮೂರು ವರ್ಷ ಅಂಗಡಿ ಎಲ್ಲಿ ಇಡುವುದು, ಹಳ್ಳಿಯ ಗಿರಾಕಿ ಹುಡುಕಿಕೊಂಡು ಎಲ್ಲಿಗೆ ಬರುವುದು? ಬಂದ ಮೇಲೆ ಡಿಪಾಸಿಟ್ಟು, ಲಿಫ್ಟಿನ ಖರ್ಚು, ಜನರೇಟರಿನ ಖರ್ಚು. ಧೋತರ, ಟವೆಲ್ಲು ಮಾರಿ ಅದನ್ನೆಲ್ಲ ಕಟ್ಟಲು ಆಗುವುದಿಲ್ಲ. ನಮ್ಮ ಪಕ್ಕದ ಅಂಗಡಿಯವರು ಗುಂಡಿ, ನೂಲು, ಲೇಸು ಮಾರುತ್ತಾರೆ. ಊರಿನ ಅರ್ಧ ಟೇಲರ್‌ಗಳು ಅವರ ಹತ್ತಿರವೇ ಬರುವುದು. ಅವರು ಯಾವ ಕಾಂಪ್ಲೆಕ್ಸಿನಲ್ಲಿ ನಿಲ್ಲಬಲ್ಲರು? ಹಳೇ ಕಟ್ಟಡ ಉಳಿದರೆ ಅವರ ಕಸುಬೂ ಉಳಿಯುತ್ತದೆ. ಮುಂಭಾಗದ ಕಮಾನು ಮಾತ್ರ ಇಟ್ಟು ಒಳಗೆಲ್ಲ ಹೊಸದು ಮಾಡುವ ಪದ್ಧತಿಯೂ ಕೆಲವು ಕಡೆ ಇದೆ. ನಮ್ಮ ಕಟ್ಟಡಕ್ಕೆ ಅದು ಬೇಡ. ಕಟ್ಟೆ ಹೋಗಿ, ಬೆಳಕಿಂಡಿ ಮುಚ್ಚಿ, ಬರೀ ಮುಖ ಉಳಿದರೆ ಏನು ಬಂತು?

ದೀಪಾವಳಿಯ ಅಮವಾಸ್ಯೆಗೆ ಅಂಗಡಿಯಲ್ಲಿ ಲಕ್ಷ್ಮೀಪೂಜೆ ಆಗುತ್ತದೆ. ಆ ರಾತ್ರಿ ಪೇಟೆ ನೋಡಬೇಕು. ಎಲ್ಲ ಕಟ್ಟೆಗಳ ಮೇಲೆ ಹಣತೆ, ಬಾಳೆಕಂಬ, ಚೆಂಡುಹೂವು, ಒಬ್ಬರ ಅಂಗಡಿಯವರು ಇನ್ನೊಬ್ಬರ ಅಂಗಡಿಗೆ ಹೋಗಿ ಕೂತು ಫಳಾರ ತಿನ್ನುವುದು. ಹೋದ ವರ್ಷದ ಪೂಜೆಗೆ ಮಾಲೀಕರೂ ಬಂದಿದ್ದರು. ಅವರ ತಾಯಿಗೆ ಈಗ ಬಹಳ ವಯಸ್ಸು, ಮೇಲಿನ ಮಾಳಿಗೆಯಲ್ಲೇ ಮದುವೆಯಾಗಿ ಬಂದವರು. ಕಟ್ಟೆಯ ಮೇಲೆ ಕೂತು ಬೆಳಕಿಂಡಿಯ ಕಡೆಗೇ ನೋಡುತ್ತಿದ್ದರು. ಅದರ ಮೇಲಿನ ಕಟಾಂಜನಕ್ಕೆ ತಮ್ಮ ಮಕ್ಕಳ ಅಂಗಿ ಒಣಹಾಕುತ್ತಿದ್ದೆ ಅಂತ ನನಗೆ ತೋರಿಸಿದರು.

ಹೋದ ರವಿವಾರದಿಂದ ನಾನು ಮತ್ತು ಕಾಕಾನ ಮಗ ಸೇರಿ ನಾವೂ ಟೇಪ್ ಹಿಡಿದಿದ್ದೇವೆ. ಕಟ್ಟಡದ ಪೂರ್ತಿ ನಕ್ಷೆ ಬರೆಯುತ್ತಿದ್ದೇವೆ, ತೊಲೆ ಎಷ್ಟು, ಯಾವುದರ ತುದಿ ಕೆಟ್ಟಿದೆ, ಎಲ್ಲಿ ಸವಳು, ಎಲ್ಲಿ ಬಿರುಕು, ಎಲ್ಲವನ್ನೂ ಫೋಟೋ ಸಮೇತ. ಇಪ್ಪತ್ತಾರು ತೊಲೆಗಳಲ್ಲಿ ಮೂರರ ತುದಿ ಮಾತ್ರ ಕೆಟ್ಟಿದೆ. ಗವಂಡಿ ಬಂದು ಖರ್ಚಿನ ಅಂದಾಜು ಹೇಳುತ್ತೇನೆ ಅಂದಿದ್ದಾನೆ. ಅದನ್ನು ತೆಗೆದುಕೊಂಡು ಐದೂ ಅಂಗಡಿಯವರು ಒಟ್ಟಿಗೆ ಮಾಲೀಕರ ಮನೆಗೆ ಹೋಗುವುದು ಅಂತ ಆಗಿದೆ, ಹೊಸ ಬಾಡಿಗೆಯ ಮಾತನ್ನೂ ಅವತ್ತೇ ಆಡುವುದು. ಬರುವ ರವಿವಾರ ಗೋದಾಮಿನ ಅಳತೆ. ಧೋತರದ ಗಂಟುಗಳನ್ನೆಲ್ಲ ಶನಿವಾರ ರಾತ್ರಿಯೇ ಸರಿಸಿ ಇಡುತ್ತೇನೆ ಅಂತ ಕಾಕಾ ಹೇಳಿದ್ದಾರೆ.